ಶಕ್ತಿಯ ಪಾಠದಲ್ಲಿ ಬಿಟ್ಟುಹೋದ ಪ್ರಶ್ನೆ

ಶಾಲೆಯ ಪುಸ್ತಕಗಳಲ್ಲಿ ಶಕ್ತಿ ಮೂಲಗಳಿಗೆ ಎರಡು ಪಟ್ಟಿಗಳಿರುತ್ತವೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲು ನವೀಕರಿಸಲಾಗದವು; ಬಿಸಿಲು, ಗಾಳಿ, ನೀರು ನವೀಕರಿಸಬಹುದಾದವು. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಹೊಂದಿಸಿ ಬರೆಯುತ್ತಾರೆ. ಮೊದಲನೆಯದು ಕೆಟ್ಟದ್ದು, ಎರಡನೆಯದು ಒಳ್ಳೆಯದು ಎಂಬ ತೀರ್ಪೂ ಜೊತೆಗೇ ಮನಸ್ಸಿಗಿಳಿಯುತ್ತದೆ. ಆದರೆ ಒಳ್ಳೆಯದು, ಕೆಟ್ಟದ್ದು ಎಂಬ ಮಾತು ಬಂದ ಮೇಲೆ ಅದು ಬರೀ ವಿಜ್ಞಾನದ ಪಾಠವಲ್ಲ, ನ್ಯಾಯದ ಪಾಠವೂ ಹೌದು. ಅದನ್ನು ನಾವು ಹೇಳಿಕೊಡುತ್ತಿದ್ದೇವೆಯೇ?

ಮೊದಲ ಪಟ್ಟಿಯನ್ನು ನೋಡೋಣ. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ರಾಯಚೂರಿನ ಶಕ್ತಿನಗರದ ಸ್ಥಾವರಕ್ಕೆ ಅದು ತೆಲಂಗಾಣದ ಸಿಂಗರೇಣಿಯಂಥ ಹೊರರಾಜ್ಯದ ಗಣಿಗಳಿಂದ ರೈಲಿನಲ್ಲಿ ಬರುತ್ತದೆ. 25 ಕೋಟಿ ವರ್ಷಗಳಿಗೂ ಹಿಂದೆ ನೆಲದಡಿ ಹೂತುಹೋದ ಗಿಡಮರಗಳು ಒಂದು ಗಳಿಗೆಯಲ್ಲಿ ಬೂದಿಯಾಗುತ್ತವೆ. ಹೊಗೆ, ಬೂದಿ ಸುತ್ತಲಿನವರ ಪಾಲಿಗೆ, ಬೆಳಕು ದೂರದೂರುಗಳಿಗೆ. ನಾವು ಉಂಟುಮಾಡದ ವಸ್ತುವನ್ನು ನಾವೇ ಮುಗಿಸಿಬಿಡಲು ನಮಗೆ ಯಾವ ಹಕ್ಕಿದೆ? ಉರ್ದುವಿನಲ್ಲಿ 'ಅಮಾನತ್' ಎಂದರೆ ಒಬ್ಬರು ನಂಬಿ ನಮ್ಮ ವಶಕ್ಕೆ ಒಪ್ಪಿಸಿದ ವಸ್ತು. ಕನ್ನಡದಲ್ಲಿ ಆ ಶಬ್ದ ಹೆಚ್ಚಾಗಿ ಕೇಳಿಸುವುದು ಯಾರಾದರೂ ನೌಕರರು ಅಮಾನತುಗೊಂಡಾಗ. ಶಬ್ದದ ಹಳೆಯ ಅರ್ಥವೇ ಅಮಾನತಿನಲ್ಲಿದೆ ಎನ್ನಬೇಕು.

ಎರಡನೆಯ ಪಟ್ಟಿ ಇನ್ನೂ ಕಷ್ಟದ್ದು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟೆ ಸಿದ್ಧವಾಯಿತು. ಶರಾವತಿಯ ನೀರು ಪ್ರತಿ ಮಳೆಗಾಲದಲ್ಲೂ ಹೊಸದಾಗಿ ತುಂಬುತ್ತದೆ, ನಿಜ. ಅದರಡಿ ಮುಳುಗಿದ ಗದ್ದೆ, ತೋಟ, ಊರುಗಳು ಹೊಸದಾಗಲಿಲ್ಲ. ಅಲ್ಲಿಂದ ಎದ್ದುಬಂದ ಹಲವು ಕುಟುಂಬಗಳು ತಾವು ನೆಲೆಸಿದ ಭೂಮಿಯ ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಅಲೆದಿವೆ.

ಬಿಸಿಲಿನ ಮಾತಿಗೆ ಬಂದರೆ, ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ 2019ರ ಕೊನೆಗೆ ಪೂರ್ಣಗೊಂಡಿತು. ರೈತರಿಂದ ಜಮೀನು ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಬರದಲ್ಲಿ ಬೆಂದ ಸೀಮೆಗೆ ಇದು ಸಣ್ಣ ಆಸರೆಯಲ್ಲ. ಆದರೆ ಗುತ್ತಿಗೆ ಹಣ ಸಲ್ಲುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕೂಲಿ ಮಾಡಿ ಬದುಕುತ್ತಿದ್ದ ಭೂಹೀನರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಸಿಕ್ಕಿದ್ದು ಬೇಲಿ.

ಹಾಗಾದರೆ ಸೌರಶಕ್ತಿ ಬೇಡವೇ? ಬೇಕು, ಬೇಗ ಬೇಕು. ಕಲ್ಲಿದ್ದಲಿನ ಹೊಗೆ ಭೂಮಿಯನ್ನೇ ಬಿಸಿ ಮಾಡುತ್ತಿರುವಾಗ ಎರಡನ್ನೂ ಸಮವೆಂದು ತೂಗುವುದು ಮಕ್ಕಳಿಗೆ ಬಗೆಯುವ ದ್ರೋಹ. ನಾವು ಹೇಳುವುದಿಷ್ಟೆ: ಒಳ್ಳೆಯ ಕೆಲಸಕ್ಕೂ ಲೆಕ್ಕ ಒಪ್ಪಿಸಬೇಕು. ಒಳ್ಳೆಯದರ ಹೆಸರಿನಲ್ಲಿ ಯಾರಿಗೋ ಆದ ನಷ್ಟವನ್ನು ಯಾರೂ ಕೇಳದಿರುವುದೇ ಹೆಚ್ಚು.

ಇಷ್ಟು ಭಾರ ಎಳೆಯ ಮಕ್ಕಳ ಮೇಲೇಕೆ ಎನ್ನುವವರಿದ್ದಾರೆ. ತಟ್ಟೆಯಲ್ಲಿ ಅನ್ನ ಬಿಟ್ಟರೆ ರೈತನ ಬೆವರನ್ನು ನೆನಪಿಸುವ ನಾವು, ಫ್ಯಾನು ಸುಮ್ಮನೆ ತಿರುಗುತ್ತಿದ್ದರೆ ನೆನಪಿಸುವುದು ಕರೆಂಟ್ ಬಿಲ್ಲನ್ನು ಮಾತ್ರ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಅನೇಕ ಮನೆಗಳಿಗೆ ಆ ಬಿಲ್ಲೂ ಶೂನ್ಯವಾಯಿತು. ಬಡವರಿಗೆ ಅದು ನೆಮ್ಮದಿ. ಆದರೆ ಬಿಲ್ಲಿನ ಭಯವೊಂದನ್ನೇ ಕಲಿತ ಮಗುವಿಗೆ ಇನ್ನು ಸ್ವಿಚ್ ಆರಿಸಲು ಯಾವ ಕಾರಣ ಉಳಿಯಿತು?

ಆದ್ದರಿಂದ ಉಪಾಧ್ಯಾಯರಲ್ಲಿ, ತಾಯ್ತಂದೆಯರಲ್ಲಿ ನಮ್ಮ ವಿನಂತಿ: ಆ ಎರಡು ಪಟ್ಟಿಗಳ ಪಕ್ಕದಲ್ಲಿ ಮೂರನೆಯದೊಂದನ್ನು ಎಳೆಯಿರಿ. ಈ ಬೆಳಕಿಗಾಗಿ ಯಾರು ಏನನ್ನು ಬಿಟ್ಟುಕೊಟ್ಟರು, ಅವರಿಗೆ ಏನು ಸಂದಿತು ಎಂದು ಅದರಲ್ಲಿ ಮಕ್ಕಳೇ ಕೇಳಿ, ತಿಳಿದು ಬರೆಯಲಿ. ಅದಕ್ಕೆ ಅಂಕ ಕೊಡದಿದ್ದರೂ ಸರಿ.