ಹಿಟ್ಟಿನ ಹುಂಜ, ನಿಜದ ಮೀನು

ಕಳೆದ ವರ್ಷ ಮದ್ದೂರಿನ ಕಡೆಯ ಒಂದು ಕೆರೆಯಲ್ಲಿ ನನ್ನ ಗಾಳಕ್ಕೆ ಮೊದಲ ಮೀನು ಸಿಕ್ಕಿತು, ತಪ್ಪಿಸಿಕೊಂಡೂ ಹೋಯಿತು. ಕೆರೆಯ ಮೀನು ಗುತ್ತಿಗೆ ಪಡೆದವರನ್ನು ಕೇಳಿ ಒಪ್ಪಿಸಿದವನು ಗೆಳೆಯ. ರಾಡ್, ರೀಲ್ ಎರಡೂ ಅವನವೇ. ಬೆತ್ತಕ್ಕಿಂತ ತೆಳ್ಳಗೆ ಬಳುಕುವ ರಾಡ್. ಅದಕ್ಕೆ 4 ಪೌಂಡಿನ ದಾರ, ಅಂದರೆ ಎರಡು ಕಿಲೋಗೂ ಕಡಿಮೆ ಎಳೆತಕ್ಕೆ ತುಂಡಾಗುವಂಥದ್ದು. ನಾವು ಹೋಗಿದ್ದು ಅಂಗೈ ಅಗಲದ ಜಿಲೇಬಿ ಮೀನಿಗೆ. ಹಿಟ್ಟಿನುಂಡೆಗೆ ಬಾಯಿ ಹಾಕಿದ್ದು ದೊಡ್ಡದೊಂದು ರೋಹು. ಅದು ಎಳೆದಾಗ ನಾನು ದಾರ ಬಿಟ್ಟೆ, ಅದು ನಿಂತಾಗ ಸುತ್ತಿದೆ. ಹೀಗೆ ಇಪ್ಪತ್ತು ನಿಮಿಷ. ಕೊನೆಗೆ ದಡದ ಹತ್ತಿರ ಬಂದು, ಹೊಟ್ಟೆ ಮೇಲಾಗಿ ಒಮ್ಮೆ ಹೊರಳಿ, ಉಳಿದ ಶಕ್ತಿಯಲ್ಲಿ ತಲೆ ಒದರಿತು. ದಾರ ಕಡಿಯಿತು.

ಆ ಇಪ್ಪತ್ತು ನಿಮಿಷ ನನಗೆ ಸಂತೋಷವಾಗಿತ್ತು. ಇದನ್ನು ಮುಚ್ಚಿಟ್ಟು ಮುಂದಿನದನ್ನು ಬರೆದರೆ ಅದು ಬರಿಯ ಉಪದೇಶವಾಗುತ್ತದೆ. ಕೈಯಿಂದ ಭುಜದವರೆಗೆ ಇನ್ನೊಂದು ಜೀವದ ಬಲ ಹರಿದು ಬರುತ್ತಿತ್ತು. ನಾನು ಅದನ್ನು ಇನ್ನೂ ಸ್ವಲ್ಪ ಹೊತ್ತು ಇರಲಿ ಎಂದು ಬಯಸಿದ್ದೆ. ದಾರ ಕಡಿದ ಮೇಲೆ ತಿಳಿದದ್ದು ಬೇರೆ. ಆ ಮೀನಿನ ಬಾಯಲ್ಲಿ ನನ್ನ ಕೊಕ್ಕೆ ಇದೆ, ಹಿಂದೆ ಒಂದಿಷ್ಟು ನೈಲಾನ್ ದಾರ ಇದೆ. ಅದು ನನಗೆ ಊಟವಾಗಲಿಲ್ಲ, ಅದಕ್ಕೆ ಬಿಡುಗಡೆಯೂ ಆಗಲಿಲ್ಲ.

ನನ್ನದೇ ಒಂದು ರಾಡ್ ಕೊಳ್ಳಬೇಕು ಎಂದು ಅಂಗಡಿಗೆ ಹೋದದ್ದು ಇದಾದ ಕೆಲವು ತಿಂಗಳ ಮೇಲೆ. ಅಂಗಡಿಯವರು ಬೆಲೆ ಹೇಳುವ ಮೊದಲು ಮೂರು ಪ್ರಶ್ನೆ ಕೇಳಿದರು. "ಸರ್, ಎಲ್ಲಿ ಹಿಡೀತೀರಾ? ಯಾವ ಮೀನು? ಹಿಡಿದು ಏನು ಮಾಡ್ತೀರಾ?" ಮೊದಲೆರಡಕ್ಕೆ ಹೇಗೋ ಉತ್ತರ ಕೊಟ್ಟೆ. ಮೂರನೆಯದಕ್ಕೆ ನಕ್ಕೆ. ಅವರು ನಗಲಿಲ್ಲ. ತಿನ್ನುವವರಿಗೂ ಬಿಡುವವರಿಗೂ ಕೊಕ್ಕೆ ಬೇರೆ, ಬಲೆ ಬೇರೆ, ಒಮ್ಮೊಮ್ಮೆ ರಾಡೂ ಬೇರೆ ಎಂದರು.

ಪ್ಲೇಟೋನ 'ಮೆನೋ' ಸಂವಾದದಲ್ಲಿ ಒಂದು ತೊಡಕು ಬರುತ್ತದೆ. ಗೊತ್ತಿಲ್ಲದ್ದನ್ನು ಹುಡುಕುವುದು ಹೇಗೆ? ಸಿಕ್ಕಾಗ ಅದೇ ಇದು ಎಂದು ಗುರುತಿಸುವುದಾದರೂ ಹೇಗೆ? ಮೊದಲ ರಾಡ್ ಕೊಳ್ಳುವವನ ಪಾಡು ಇದೇ. ರಾಡಿನ ಗುಣ ತಿಳಿಯಲು ಮೀನು ಹಿಡಿದಿರಬೇಕು. ಮೀನು ಹಿಡಿಯಲು ರಾಡ್ ಬೇಕು. ಅದಕ್ಕೇ ಅನುಭವಸ್ಥರು ಹೊಸಬರಿಗೆ ಒಂದು ನಡುದಾರಿ ಹೇಳುತ್ತಾರೆ: ಏಳಡಿ ಉದ್ದದ, ಮಧ್ಯಮ ಬಲದ ಸ್ಪಿನ್ನಿಂಗ್ ರಾಡ್, 2500 ಅಥವಾ 3000 ಅಳತೆಯ ಸ್ಪಿನ್ನಿಂಗ್ ರೀಲ್, 10 ಪೌಂಡಿನ, ಅಂದರೆ ಸುಮಾರು ನಾಲ್ಕೂವರೆ ಕಿಲೋ ತಾಳುವ ಒಂಟಿ ಎಳೆಯ ನೈಲಾನ್ ದಾರ. ರಾಡಿನ ಮೇಲೆ ಉರುಳೆ ಅಡ್ಡಲಾಗಿ ತಿರುಗುವ ಬೇಟ್‌ಕಾಸ್ಟಿಂಗ್ ರೀಲ್ ಬೇಡ ಎನ್ನುತ್ತಾರೆ. ಎಸೆದಾಗ ಉರುಳೆ ದಾರಕ್ಕಿಂತ ಜೋರಾಗಿ ತಿರುಗಿಬಿಟ್ಟರೆ ಹಕ್ಕಿಗೂಡಿನಂಥ ಸಿಕ್ಕು. ಅದನ್ನು ಬಿಡಿಸುವುದರಲ್ಲೇ ಸಂಜೆಯಾಗುತ್ತದೆ.

ಸ್ಪಿನ್ನಿಂಗ್ ರೀಲಿನಲ್ಲಿ ಎಸೆಯುವಾಗ ಉರುಳೆ ತಿರುಗುವುದೇ ಇಲ್ಲ. ದಾರ ಅದರ ತುದಿಯಿಂದ ಸುರುಳಿ ಸುರುಳಿಯಾಗಿ ಜಾರಿಹೋಗುತ್ತದೆ. 1905ರಲ್ಲಿ ಇಂಥ ರೀಲಿಗೆ ಪೇಟೆಂಟ್ ಪಡೆದ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಇಂಗ್ಲೆಂಡಿನ ಉಣ್ಣೆ ಗಿರಣಿಯ ಮನೆತನದವನು. ಗಿರಣಿಯಲ್ಲಿ ನೂಲು ಕದುರಿನ ತುದಿಯಿಂದ ಬಿಚ್ಚಿಕೊಳ್ಳುವ ಬಗೆಯೇ ಈ ರೀಲಿನ ಹಿಂದಿದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ರೀಲಿನ ಇನ್ನೊಂದು ಭಾಗ, ಡ್ರ್ಯಾಗ್. ಅದು ಒಂದು ತಿರುಪು. ಮೀನಿನ ಎಳೆತ ಇಷ್ಟನ್ನು ಮೀರಿದರೆ ದಾರ ತಾನಾಗಿ ಬಿಟ್ಟುಕೊಡಬೇಕು ಎಂದು ಅದರಲ್ಲಿ ಮೊದಲೇ ಗೊತ್ತು ಮಾಡುತ್ತೇವೆ. ದಾರದ ಬಲದ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇಡಿ ಎಂಬುದು ರೂಢಿಯ ಲೆಕ್ಕ. ನನ್ನ ಹಟ ಎಲ್ಲಿ ಸಡಿಲಬೇಕು ಎಂಬುದನ್ನು ಮೀನು ಸಿಗುವ ಮೊದಲೇ, ತಲೆ ತಣ್ಣಗಿರುವಾಗ ತೀರ್ಮಾನಿಸುವುದು. ನೀತಿಯ ಪ್ರಶ್ನೆಗಳಿಗೂ ಇದಕ್ಕಿಂತ ಒಳ್ಳೆಯ ಸಲಹೆ ನನಗೆ ಸಿಕ್ಕಿಲ್ಲ.

ಇಲ್ಲಿ ಗೆಳೆಯನ ತೆಳ್ಳನೆಯ ರಾಡಿನ ಪರವಾಗಿ ಒಂದು ವಾದವಿದೆ, ಅದನ್ನು ಕೇಳಬೇಕು. ದಪ್ಪ ದಾರ ಹಾಕಿ ದರದರ ಎಳೆಯುವುದರಲ್ಲಿ ಏನಿದೆ? ತೆಳುದಾರ ಹಾಕಿದರೆ ಮೀನಿಗೂ ತಪ್ಪಿಸಿಕೊಳ್ಳುವ ಅವಕಾಶವಿರುತ್ತದೆ, ಅದೇ ನ್ಯಾಯ ಎಂಬುದು ಆ ವಾದ. ಕೇಳಲು ಚೆನ್ನಾಗಿದೆ. ಆದರೆ ಈ ಪಂದ್ಯಕ್ಕೆ ಮೀನು ಒಪ್ಪಿಗೆ ಕೊಟ್ಟಿಲ್ಲ. ನಾನು ಸೋತರೆ ಒಂದು ಕೊಕ್ಕೆ ಹೋಗುತ್ತದೆ, ಅದು ಸೋತರೆ ಜೀವ. ಹೋರಾಟ ಉದ್ದವಾದಷ್ಟೂ ಅದರ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುತ್ತದೆ; ಬೇಸಿಗೆಯ ಕೆರೆಯ ಬೆಚ್ಚನೆಯ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ಬಿಟ್ಟ ಮೀನು ಈಜಿಹೋದರೂ ಆಮೇಲೆ ಸಾಯಬಹುದು. ಇಂಗ್ಲಿಷಿನ ಗಾಳಗಾರರು ಇದನ್ನು ಮೀನನ್ನು 'ಆಡಿಸುವುದು' ಎನ್ನುತ್ತಾರೆ. ನಮ್ಮ ಗಾದೆ ಇದಕ್ಕೆ ಬೇರೆ ಹೆಸರಿಟ್ಟಿದೆ: ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಮೀನಿಗೆ ನೋವಾಗುತ್ತದೆಯೇ? 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ರೇನ್‌ಬೋ ಟ್ರೌಟ್ ಮೀನಿನ ತಲೆಯ ಭಾಗದಲ್ಲಿ ಹಾನಿಗೆ ಸ್ಪಂದಿಸುವ ನರತುದಿಗಳಿವೆ ಎಂದು ತೋರಿಸಿದರು. ತುಟಿಗೆ ಆಮ್ಲ ಚುಚ್ಚಿದ ಮೀನುಗಳು ತುಟಿಯನ್ನು ತಳದ ಕಲ್ಲಿಗೆ ಉಜ್ಜಿದವು, ತಿನ್ನಲು ಬರುವುದಕ್ಕೆ ತಡಮಾಡಿದವು. ಅದನ್ನು ನಮ್ಮ ಅರ್ಥದ ನೋವು ಎನ್ನಲಾಗದು, ಅವಕ್ಕೆ ನಮ್ಮಂಥ ಮೆದುಳಿನ ಹೊರಪದರವಿಲ್ಲ ಎನ್ನುವ ವಿಜ್ಞಾನಿಗಳೂ ಇದ್ದಾರೆ. ಚರ್ಚೆ ನಡೆಯಲಿ. ನನಗೆ ಸಾಕಾದದ್ದು ಇಷ್ಟು: ನೋವಿರಬಹುದು ಎಂಬ ಸಾಧ್ಯತೆ ಇರುವಾಗ, ಇಲ್ಲ ಎಂದು ಸಾಧಿಸುವ ಹೊಣೆ ಕೊಕ್ಕೆ ಹಿಡಿದವನದು.

ಹಾಗಾದರೆ ಹಿಡಿದು ಬಿಟ್ಟುಬಿಡುವುದೇ ಒಳ್ಳೆಯದಲ್ಲವೇ? ಇದಕ್ಕೆ ನಮ್ಮ ಕಾವೇರಿಯಲ್ಲೇ ಒಂದು ಉದಾಹರಣೆಯಿದೆ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಯ ಶಿಬಿರಗಳಿಗೆ ಮಹಶೀರ್ ಹಿಡಿಯಲು ದೂರದೇಶಗಳಿಂದ ಜನ ಬರುತ್ತಿದ್ದರು. ಹಿಡಿದ ಮೀನನ್ನು ಬಿಡಲೇಬೇಕು ಎಂಬುದು ಅಲ್ಲಿನ ಕಟ್ಟಳೆ. ಕದ್ದು ಮೀನು ಹಿಡಿಯುತ್ತಿದ್ದ ಕೆಲವರಿಗೆ ಅಲ್ಲಿ ಮಾರ್ಗದರ್ಶಿಯ ಕೆಲಸ ಸಿಕ್ಕಿತು. ನದಿಗೆ ಸಿಡಿಮದ್ದು ಎಸೆಯುವವರ ಮೇಲೆ ಕಣ್ಣಿಡುವವರು ಹುಟ್ಟಿಕೊಂಡರು. ವನ್ಯಧಾಮದೊಳಗೆ ಗಾಳ ಹಾಕುವುದು ವನ್ಯಜೀವಿ ಕಾನೂನಿಗೆ ಹೊಂದುವುದಿಲ್ಲವೆಂದು ಮುಂದೆ ಅದು ನಿಂತಿತು. ಕಾವೇರಿಯ ಗೂನುಬೆನ್ನಿನ ಮಹಶೀರ್ ಅಳಿವಿನ ಅಂಚಿಗೆ ಬಂದಿದೆ ಎಂಬುದನ್ನು ತಿಳಿಯಲು ನೆರವಾದದ್ದೂ ಗಾಳಗಾರರು ಬರೆದಿಟ್ಟ ದಾಖಲೆಗಳೇ. 2018ರಲ್ಲಿ ಅದನ್ನು ತೀವ್ರವಾಗಿ ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಲಾಯಿತು. ಆಟಕ್ಕೆ ಬಂದವರಿಂದ ಮೀನಿಗೆ ಒಳಿತೂ ಆಗಿದೆ.

ಯುರೋಪಿನ ಎರಡು ದೇಶಗಳಲ್ಲಿ ಇದೇ ಪ್ರಶ್ನೆಗೆ ತಲೆಕೆಳಗಿನ ಉತ್ತರವಿದೆ. ಜರ್ಮನಿಯ ಪ್ರಾಣಿ ಸಂರಕ್ಷಣಾ ಕಾನೂನಿನ ಪ್ರಕಾರ ಸಕಾರಣವಿಲ್ಲದೆ ಪ್ರಾಣಿಗೆ ನೋವು ಕೊಡುವಂತಿಲ್ಲ. ತಿನ್ನುವುದು ಸಕಾರಣ, ಮೋಜಿಗೆ ಹಿಡಿದು ಬಿಡುವುದು ಅಲ್ಲ. ಸ್ವಿಟ್ಜರ್ಲೆಂಡ್ 2008ರ ನಿಯಮಾವಳಿಯಲ್ಲಿ, ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ನಿಷೇಧಿಸಿತು. ಕಾವೇರಿಯ ಶಿಬಿರದಲ್ಲಿ ಮೀನನ್ನು ಇಟ್ಟುಕೊಂಡವನು ತಪ್ಪಿತಸ್ಥ. ಅಲ್ಲಿ, ಬಿಡಲೆಂದೇ ಹಿಡಿದವನು ತಪ್ಪಿತಸ್ಥ. ಒಂದು ಕಡೆಯ ಚಿಂತೆ ನದಿಯಲ್ಲಿ ಎಷ್ಟು ಮೀನು ಉಳಿದವು ಎಂಬುದು. ಇನ್ನೊಂದು ಕಡೆಯದು ಈ ಒಂದು ಮೀನಿಗೆ ಏನಾಯಿತು ಎಂಬುದು. ಎರಡೂ ಸರಿಯಾದ ಪ್ರಶ್ನೆಗಳೇ. ಒಂದರ ಉತ್ತರವನ್ನು ಇನ್ನೊಂದಕ್ಕೆ ಕೊಟ್ಟಾಗ ತಪ್ಪಾಗುತ್ತದೆ.

ಉದ್ದೇಶ ಮುಖ್ಯವೋ, ಆದ ಗಾಯ ಮುಖ್ಯವೋ ಎಂಬ ಈ ಜಗಳ ಕನ್ನಡಕ್ಕೆ ಹೊಸದಲ್ಲ. ಜನ್ನ 1209ರಲ್ಲಿ ಮುಗಿಸಿದ 'ಯಶೋಧರ ಚರಿತೆ'ಯ ಕಥೆ ನಿಮಗೆ ಗೊತ್ತಿದೆ. ಗಿರೀಶ ಕಾರ್ನಾಡರ 'ಹಿಟ್ಟಿನ ಹುಂಜ' ಅದರಿಂದಲೇ ಹುಟ್ಟಿದ ನಾಟಕ. ತಾಯಿ ಬಲಿ ಕೊಡು ಎನ್ನುತ್ತಾಳೆ, ಮಗ ಕೊಲ್ಲಲಾರೆ ಎನ್ನುತ್ತಾನೆ. ಕೊನೆಗೆ ಇಬ್ಬರೂ ಒಪ್ಪಿ ಹಿಟ್ಟಿನ ಕೋಳಿಯನ್ನು ಕಡಿಯುತ್ತಾರೆ. ಯಾವ ಜೀವಕ್ಕೂ ಗಾಯವಾಗಲಿಲ್ಲ. ಆದರೂ ಕೊಲ್ಲುವ ಸಂಕಲ್ಪವಿತ್ತಲ್ಲ, ಅಷ್ಟಕ್ಕೇ ಜನ್ಮಜನ್ಮಗಳ ಯಾತನೆ. ಆ ಜನ್ಮಗಳಲ್ಲಿ ಒಂದರಲ್ಲಿ ಯಶೋಧರ ಮೀನಾಗಿ ಹುಟ್ಟುತ್ತಾನೆ.

ಜೈನರು ಗೃಹಸ್ಥನ ಹಿಂಸೆಯನ್ನು ನಾಲ್ಕಾಗಿ ನೋಡುತ್ತಾರೆ. ಅಡುಗೆ, ಮನೆಗೆಲಸಗಳಲ್ಲಿ ಆಗುವುದು ಆರಂಭೀ. ಕಸುಬಿನಲ್ಲಿ ಆಗುವುದು ಉದ್ಯೋಗೀ. ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ. ಬೇಕೆಂದೇ ಮಾಡುವುದು ಸಂಕಲ್ಪೀ. ಗೃಹಸ್ಥ ಪೂರ್ತಿಯಾಗಿ ಬಿಡಲೇಬೇಕಾದದ್ದು ಕೊನೆಯದನ್ನು. ಈ ಲೆಕ್ಕದಲ್ಲಿ ನನ್ನ ಗಾಳಕ್ಕೆ ಮಾಫಿ ಇಲ್ಲ, ತಿನ್ನಲೆಂದು ಹಿಡಿದರೂ ಇಲ್ಲ. ಇದನ್ನು ತಿಳಿದೇ ಒಂದು ಮಾತು ಹೇಳುತ್ತೇನೆ. ಹಿಡಿದು ಬಿಡುವ ಆಟ ಹಿಟ್ಟಿನ ಕೋಳಿಯ ಕಥೆಯನ್ನು ತಿರುವಿಹಾಕುತ್ತದೆ. ಅಲ್ಲಿ ಕೊಲ್ಲುವ ಮನಸ್ಸಿತ್ತು, ಕೋಳಿ ಸುಳ್ಳು. ಇಲ್ಲಿ ಕೊಲ್ಲುವ ಮನಸ್ಸಿಲ್ಲ, ಮೀನು ನಿಜ. "ನಾನು ಬಿಟ್ಟೆನಲ್ಲ" ಎಂಬ ಮಾತು, "ಅದು ಹಿಟ್ಟಿನದಲ್ಲವೇ" ಎಂಬ ಸಮಾಧಾನದ ತಮ್ಮ. ಎರಡೂ ಮಾಡಿದವನನ್ನು ಸಂತೈಸುತ್ತವೆ, ಅಷ್ಟೆ.

ನನ್ನ ಸೋದರಮಾವ ಇವು ಯಾವುದನ್ನೂ ಓದಿದವನಲ್ಲ. ಅವನದು ಬಿದಿರಿನ ಗಾಳ. ಒಂದು ಬೆಂಡು, ಸೀಸದ ಗುಂಡು, ಎರೆಹುಳು. ರೀಲ್ ಇಲ್ಲ. ಬಿಟ್ಟುಕೊಡಲು ದಾರವೇ ಇಲ್ಲವಾದ್ದರಿಂದ ಮೀನನ್ನು ಆಡಿಸುವ ಮಾತೂ ಇಲ್ಲ; ಬೆಂಡು ಮುಳುಗಿತೋ, ಎತ್ತಿ ದಡಕ್ಕೆ ಹಾಕಿದ. ಚಿಕ್ಕವನಾಗಿದ್ದಾಗ ಅವನ ಜೊತೆ ನಾಲೆಯ ಬದಿಗೆ ಹೋಗುತ್ತಿದ್ದೆ. ಮೀನು ಚೆನ್ನಾಗಿ ಕಚ್ಚುತ್ತಿರುವಾಗಲೇ ಅವನು ಎದ್ದುಬಿಡುತ್ತಿದ್ದ. "ಸಾರ್ಗಾಯ್ತು, ಏಳ್ಲಾ" ಎನ್ನುತ್ತಿದ್ದ. ನನಗೆ ಅಳು ಬರುತ್ತಿತ್ತು. ಈಗಷ್ಟೇ ಕಚ್ಚಲು ಶುರುವಾಗಿದೆಯಲ್ಲ ಮಾವ, ಇನ್ನೊಂದೇ ಒಂದು ಎಂದು ಗೋಗರೆದರೂ ಅವನು ದಾರ ಸುತ್ತುತ್ತಿದ್ದ. ಅವನ ಡ್ರ್ಯಾಗ್ ಅವನೊಳಗೇ ಇತ್ತು ಎಂದು ಈಗ ಅನ್ನಿಸುತ್ತದೆ.

ರಾಡನ್ನೇ ಕೊಳ್ಳದಿದ್ದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಆದರೆ ನಾನು ಮೀನು ತಿನ್ನುವವನು. ಮಾರುಕಟ್ಟೆಯ ಮೀನು ಬಲೆಯೊಳಗೋ ದೋಣಿಯ ಮೇಲೋ ಉಸಿರುಗಟ್ಟಿ ಸತ್ತದ್ದು. ಅದು ನನ್ನ ಕಣ್ಣಿಗೆ ಬೀಳಲಿಲ್ಲ ಎಂಬುದಷ್ಟೇ ವ್ಯತ್ಯಾಸ. ನೋಡದೆ ತಿನ್ನುವುದಕ್ಕಿಂತ ನೋಡಿ ತಿನ್ನುವುದು ಹೆಚ್ಚು ಪ್ರಾಮಾಣಿಕ ಎಂದು ನನಗನ್ನಿಸುತ್ತದೆ. ಆದರೆ ಈ ವಾದ ಊಟಕ್ಕೆ ಮಾತ್ರ ಸಲ್ಲುತ್ತದೆ, ಆ ಇಪ್ಪತ್ತು ನಿಮಿಷದ ಸಂತೋಷಕ್ಕಲ್ಲ. ಆ ಸಂತೋಷಕ್ಕೆ ನನ್ನ ಬಳಿ ಸಮರ್ಥನೆ ಇಲ್ಲ. ಅದಕ್ಕೆ ಬೇಲಿ ಹಾಕಬಲ್ಲೆ, ಅಷ್ಟೆ.

ಆ ಬೇಲಿಯೇ ಕೊನೆಗೆ ನನ್ನ ಆಯ್ಕೆಯಾಯಿತು. ಅಂಗಡಿಯಲ್ಲಿ ಸೊಗಸಾಗಿ ಬಳುಕುತ್ತಿದ್ದ ತೆಳು ರಾಡನ್ನು ಕೆಳಗಿಟ್ಟು ಏಳಡಿಯ ಮಧ್ಯಮ ಬಲದ್ದನ್ನು ತೆಗೆದುಕೊಂಡೆ, ಜೊತೆಗೆ 3000 ಅಳತೆಯ ರೀಲು, 10 ಪೌಂಡಿನ ದಾರ. ಜಿಲೇಬಿ ಮೀನಿಗೆ ಇದು ಹೆಚ್ಚಾಯಿತು, ಮಜಾ ಬರಲ್ಲ ಎಂದು ಗೆಳೆಯ ನಕ್ಕ. ಮಜಾ ಕಡಿಮೆಯಾಗಲಿ, ಅಕಸ್ಮಾತ್ ದೊಡ್ಡದು ಸಿಕ್ಕರೆ ಬೇಗ ಮುಗಿಯಲಿ ಎಂಬುದೇ ನನ್ನ ಲೆಕ್ಕ. ಕೊಕ್ಕೆಯ ತುದಿಯ ಹಿಂದಿರುವ ಪುಟ್ಟ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದೆ. ಆಗ ಮರಿಮೀನು ಬಂದರೆ ಬಾಯಿ ಹರಿಯದೆ ಬಿಡಿಸಬಹುದು. ದಾರ ಕಡಿದರೂ ಕೊಕ್ಕೆ ಬೇಗ ಕಳಚಿ ಬೀಳಬಹುದು. ಕೆಲವು ಮೀನು ತಪ್ಪಿಸಿಕೊಳ್ಳುತ್ತವೆ, ಹೋಗಲಿ. ಅಂಗಡಿಯವರ ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆ ಮಿಕ್ಕ ಆಯ್ಕೆಗಳೆಲ್ಲ ಸಲೀಸಾದವು.

ಕಳೆದ ತಿಂಗಳು ಅದೇ ಕೆರೆಗೆ ಹೋಗಿದ್ದೆ. ಒಂದು ಗಂಟೆಯಲ್ಲಿ ನಾಲ್ಕು ಜಿಲೇಬಿ ಸಿಕ್ಕವು. ಹಿಡಿದ ಕೂಡಲೇ ತಲೆಗೆ ಹೊಡೆದು ಮುಗಿಸಿದೆ. ಕೈ ನಡುಗಿತು, ನಡುಗಲಿ ಎಂದುಕೊಂಡೆ. ಐದನೆಯದು ಬೆಂಡನ್ನು ಅಲ್ಲಾಡಿಸುತ್ತಿತ್ತು. ಇನ್ನೊಂದೇ ಒಂದು ಎಂದು ಕೈ ಹೇಳಿತು. ಸಾರಿಗೆ ನಾಲ್ಕು ಸಾಕಾಗಿತ್ತು. ದಾರ ಸುತ್ತಿ ಎದ್ದೆ.

ಏರಿಯ ಮೇಲೆ ನಡೆಯುವಾಗ ನೀರಿನ ಕಡೆ ನೋಡಿದೆ. ಆ ರೋಹು ಬದುಕಿದೆಯೋ ಇಲ್ಲವೋ. ಈ ರಾಡ್ ಅದಕ್ಕಾಗಿ ಕೊಂಡದ್ದು ಎಂದರೆ ಸುಳ್ಳಾಗುತ್ತದೆ. ಅದಕ್ಕೆ ಇದರಿಂದ ಏನೂ ಆಗುವುದಿಲ್ಲ. ಇನ್ನೊಂದು ಮೀನಿಗೆ ಹಾಗಾಗದಿರಲಿ ಎಂದು ಕೊಂಡದ್ದು ಎಂದರೆ ನಿಜಕ್ಕೆ ಸ್ವಲ್ಪ ಹತ್ತಿರ.