ಪಂಜರದೊಳಗಿನ ಉಸಿರು

ಮನುಷ್ಯನು ತನ್ನ ಅಧೀನದಲ್ಲಿರುವ ಜೀವಿಗಳಿಗೆ ಮಾಡುವ ಹಿಂಸೆಯಲ್ಲಿ ಎರಡು ಬಗೆಯುಂಟು. ಒಂದು ಕ್ರೌರ್ಯದಿಂದ ಹುಟ್ಟುವಂಥದು. ಅದನ್ನು ಗುರುತಿಸುವುದು ಸುಲಭ. ಖಂಡಿಸುವುದಕ್ಕೆ ಧರ್ಮಶಾಸ್ತ್ರವೂ ಇದೆ, ಕಾನೂನೂ ಇದೆ. ಇನ್ನೊಂದು, ಪ್ರೀತಿ ತುಂಬಿದ ಮನೆಯಲ್ಲಿಯೇ, ಯಾರ ಮನಸ್ಸಿನಲ್ಲಿಯೂ ಕೆಡುಕಿಲ್ಲದಿರುವಾಗಲೇ, ಕೇವಲ ನಮ್ಮ ಸೌಖ್ಯದ ಅಭ್ಯಾಸಗಳಿಂದ ನಡೆದುಹೋಗುವಂಥದು. ಕೇಡನ್ನು ಬಗೆಯದವನು ಕೇಡಿಗೆ ಹೊಣೆಯಾಗುವನೇ? ಈ ಹಳೆಯ ಪ್ರಶ್ನೆಯನ್ನು ನಾವು ಇಲ್ಲಿ ಒಂದು ಚಿಕ್ಕ ವಿಷಯದ ಮೂಲಕ ಪರಿಶೀಲಿಸಬಯಸುತ್ತೇವೆ: ಮನೆಯಲ್ಲಿ ಸಾಕಿದ ಹಕ್ಕಿಯು ಉಸಿರಾಡುವ ಗಾಳಿ.

ನಮ್ಮ ಮನೆಗಳ ಚಾವಡಿಯಲ್ಲಿ ಈಗ ಪಂಜರ ತೂಗುವುದು ಸಾಮಾನ್ಯವಾಗಿದೆ. ನಮ್ಮ ನಾಡಿನ ಗಿಳಿಯನ್ನು ಹಿಡಿದಿಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆ. ಆದುದರಿಂದ ಮೊಮ್ಮಕ್ಕಳ ಹಟಕ್ಕೆ ಅಂಗಡಿಯಿಂದ ಬರುವವು ಹೊರನಾಡಿನ ಹಕ್ಕಿಗಳು. ‘ಲವ್ ಬರ್ಡ್ಸ್’ ಎಂದು ಮಾರುವ ಪುಟ್ಟ ಬಣ್ಣದ ಹಕ್ಕಿಗಳಲ್ಲಿ ಹೆಚ್ಚಿನವು ಆಸ್ಟ್ರೇಲಿಯಾ ಮೂಲದ ಬಡ್ಜರಿಗರ್‌ಗಳು. ಜುಟ್ಟಿನ ಕಾಕಟೀಲ್ ಕೂಡ ಆ ಖಂಡದ್ದೇ. ಅವಕ್ಕೆ ಕಾಳು, ನೀರು, ನೆರಳು ಎಲ್ಲವನ್ನೂ ಕೊಡುತ್ತೇವೆ. ಗಾಳಿಯನ್ನು ಮಾತ್ರ ನಾವು ಕೊಡುತ್ತಿದ್ದೇವೆಂಬುದೇ ನಮಗೆ ತೋಚುವುದಿಲ್ಲ. ಆದರೆ ಮುಚ್ಚಿದ ಮನೆಯೊಳಗಿನ ಗಾಳಿಯೂ ನಾವು ಉಣಿಸುವ ಕಾಳಿನಂತೆಯೇ ನಮ್ಮ ಕೈಯಿಂದ ಹೋಗುವಂಥದು.

ಹಕ್ಕಿಯ ಉಸಿರಾಟ ನಮ್ಮದರಂತಲ್ಲ. ನಮ್ಮ ಶ್ವಾಸಕೋಶವು ತಿದಿಯ ಹಾಗೆ ಹಿಗ್ಗಿ ಕುಗ್ಗುತ್ತದೆ. ಹಕ್ಕಿಯ ಶ್ವಾಸಕೋಶವಾದರೋ ಬಹುಮಟ್ಟಿಗೆ ಸ್ಥಿರವಾಗಿದ್ದು, ದೇಹದೊಳಗಿನ ಗಾಳಿಚೀಲಗಳು ಅದರ ಮೂಲಕ ಗಾಳಿಯನ್ನು ಒಂದೇ ದಿಕ್ಕಿನಲ್ಲಿ ಹರಿಸುತ್ತವೆ. ಉಸಿರನ್ನು ಒಳಗೆಳೆದಾಗಲೂ ಹೊರಬಿಟ್ಟಾಗಲೂ ಹೊಸ ಗಾಳಿ ರಕ್ತವನ್ನು ಮುಟ್ಟುತ್ತಿರುತ್ತದೆ. ರೆಕ್ಕೆ ಬಡಿದು ಹಾರಬೇಕಾದ ಜೀವಕ್ಕೆ ಪ್ರಕೃತಿ ಕೊಟ್ಟ ವರವಿದು. ಪಂಜರದಲ್ಲಿ ಈ ವರವೇ ಶಾಪವಾಗುತ್ತದೆ. ಪ್ರಾಣವಾಯುವನ್ನು ಹೀರುವಷ್ಟೇ ಚುರುಕಾಗಿ ಅದು ವಿಷವನ್ನೂ ಹೀರುತ್ತದೆ.

ಆಟಿ ತಿಂಗಳ ಜಡಿಮಳೆಗೆ ಕಿಟಕಿಗಳನ್ನೆಲ್ಲ ಮುಚ್ಚಿ ಕುಳಿತ ಮನೆಯನ್ನು ನೆನೆಯಿರಿ. ಸಂಜೆ ದೇವರ ಮುಂದೆ ಊದುಬತ್ತಿ, ಕರ್ಪೂರ, ಒದ್ದೆ ವಾಸನೆ ಹೋಗಲೆಂದು ಸಾಂಬ್ರಾಣಿಯ ಹೊಗೆ, ರಾತ್ರಿಯಿಡೀ ಸೊಳ್ಳೆಬತ್ತಿ, ನೆಲಕ್ಕೆ ಫಿನಾಯಿಲು, ಕಪಾಟಿನಲ್ಲಿ ನುಸಿಗುಳಿಗೆ, ಹೊರಡುವ ಮುನ್ನ ಸೆಂಟು. ಒಗ್ಗರಣೆಯ ಮೆಣಸಿನ ಘಾಟಿಗೆ ನಾವು ಕೆಮ್ಮುತ್ತ ಅಂಗಳಕ್ಕಾದರೂ ಹೋಗುತ್ತೇವೆ. ಪಂಜರದ ಹಕ್ಕಿಗೆ ಹೋಗಲು ಅಂಗಳವಿಲ್ಲ. ಇವೆಲ್ಲಕ್ಕಿಂತ ಅಪಾಯಕಾರಿಯಾದದ್ದು ಘಾಟೇ ಇಲ್ಲದ್ದು. ಅಂಟದ ಲೇಪನದ ತವಾ ಬರಿದಾಗಿ ಒಲೆಯ ಮೇಲೆ ಉಳಿದು ಅತಿಯಾಗಿ ಕಾದರೆ ಆ ಲೇಪನದಿಂದ ಹೊಮ್ಮುವ ಆವಿ ಮನುಷ್ಯನಿಗೆ ಜ್ವರ ತರಿಸಬಲ್ಲುದು. ಹಕ್ಕಿಯನ್ನು ಕೆಲವೇ ನಿಮಿಷಗಳಲ್ಲಿ ಕೊಲ್ಲಬಲ್ಲುದು.

ಹಕ್ಕಿಯ ಈ ಸೂಕ್ಷ್ಮತೆಯನ್ನು ಮನುಷ್ಯ ತನ್ನ ಲಾಭಕ್ಕೆ ಬಳಸಿಕೊಂಡದ್ದೂ ಉಂಟು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜಾನ್ ಸ್ಕಾಟ್ ಹಾಲ್ಡೇನ್ ಎಂಬ ವಿಜ್ಞಾನಿಯ ಸಲಹೆಯಂತೆ ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಿಗೆ ಕ್ಯಾನರಿ ಹಕ್ಕಿಗಳನ್ನು ಒಯ್ಯುವ ಪದ್ಧತಿ ಬಂತು. ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಮನುಷ್ಯನಿಗಿಂತ ಮೊದಲು ಹಕ್ಕಿ ಕುಸಿದು ಬೀಳುತ್ತಿತ್ತು. ಗಣಿಗಾರರು ಹಿಂದಿರುಗಿ ಜೀವ ಉಳಿಸಿಕೊಳ್ಳುತ್ತಿದ್ದರು. ಆ ಸ್ಥಾನಕ್ಕೆ ಯಂತ್ರವನ್ನು ತರಲು ಅಲ್ಲಿ ನಿರ್ಧಾರವಾದದ್ದು 1986ರಲ್ಲಿ. ನಮ್ಮ ಗಮನ ಸೆಳೆಯುವುದು ಇನ್ನೊಂದು ಸಂಗತಿ. ಕೆಲವು ಪಂಜರಗಳ ನೆತ್ತಿಯ ಮೇಲೆ ಆಮ್ಲಜನಕದ ಚಿಕ್ಕ ಕೊಳವೆಯೊಂದಿರುತ್ತಿತ್ತು. ಹಕ್ಕಿ ಬಿದ್ದೊಡನೆ ಪಂಜರದ ಬಾಗಿಲನ್ನು ಮುಚ್ಚಿ, ಆಮ್ಲಜನಕವನ್ನು ಬಿಟ್ಟು ಅದನ್ನು ಬದುಕಿಸಿಕೊಳ್ಳುತ್ತಿದ್ದರು. ಅಪಾಯವನ್ನು ಅಳೆಯುವುದಕ್ಕೆಂದೇ ಹಕ್ಕಿಯನ್ನೊಯ್ದವರು ಅದರ ಉಸಿರಿಗೊಂದು ಏರ್ಪಾಡು ಮಾಡಿದ್ದರು. ಪ್ರೀತಿಗಾಗಿ ತಂದ ನಾವು ಏನು ಮಾಡಿದ್ದೇವೆ?

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಅಷ್ಟು ಕನಿಕರವಿದ್ದರೆ ಪಂಜರದ ಬಾಗಿಲನ್ನೇ ತೆರೆದುಬಿಡಬಾರದೇ ಎಂಬುದು ಮೊದಲನೆಯದು. ಪಂಜರದಲ್ಲೇ ಮೊಟ್ಟೆಯೊಡೆದು ಬಂದ ಪರದೇಶದ ಹಕ್ಕಿಗೆ ನಮ್ಮ ಕಾಡಿನಲ್ಲಿ ಆಹಾರ ಹುಡುಕುವ ಅರಿವಿಲ್ಲ, ಕಾಗೆ ಗಿಡುಗಗಳಿಂದ ತಪ್ಪಿಸಿಕೊಳ್ಳುವ ಅಭ್ಯಾಸವಿಲ್ಲ. ಬಿಟ್ಟೆನೆಂಬ ಪುಣ್ಯ ನಮಗೆ, ಸಾವು ಅದಕ್ಕೆ. ಎರಡನೆಯದು, ಒಂದು ಹಕ್ಕಿಗಾಗಿ ದೇವರ ಧೂಪವನ್ನು ಬಿಡಬೇಕೇ ಎಂಬುದು. ಬಿಡಬೇಕಾಗಿಲ್ಲ. ಧೂಪ ಹಾಕುವ ಹೊತ್ತಿಗೆ ಪಂಜರವನ್ನು ಗಾಳಿಯಾಡುವ ಬೇರೆ ಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡರೆ ಪೂಜೆಗೆ ಕೊರತೆಯೇನೂ ಆಗದು. ಧರ್ಮವು ಇಲ್ಲಿ ನಮ್ಮಿಂದ ತ್ಯಾಗವನ್ನು ಕೇಳುತ್ತಿಲ್ಲ, ಎಚ್ಚರವನ್ನು ಕೇಳುತ್ತಿದೆ. ಅಷ್ಟು ಎಚ್ಚರಕ್ಕೂ ಬಿಡುವಿಲ್ಲದ ಮನೆ ಹಕ್ಕಿಯನ್ನು ತರದಿರುವುದೇ ಲೇಸು.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಬಗೆಯದ ಕೇಡಿಗೆ ಹೊಣೆಯುಂಟೇ? ಗಡಿನಾಡಿನ ನಮಗೆ ಇದು ಪುಸ್ತಕದ ಪ್ರಶ್ನೆಯಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ನೆಯ ಇಸವಿಯವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಎಣ್ಮಕಜೆ, ಪಡ್ರೆಯಂಥ ಊರುಗಳ ತೋಡು, ಬಾವಿ, ಅಂಗಳಗಳ ಮೇಲೂ ಅದು ಇಳಿಯಿತು. ಸುರಿದವರಿಗೆ ನಮ್ಮ ಮಕ್ಕಳ ಮೇಲೆ ದ್ವೇಷವಿರಲಿಲ್ಲ. ಗೇರಿನ ಹೂವನ್ನು ಕೀಟದಿಂದ ಕಾಯಬೇಕಿತ್ತು, ಅಷ್ಟೆ. ನಮ್ಮ ಆಡುಮಾತಿನಲ್ಲಿ ಅದಕ್ಕೆ ‘ಮದ್ದು’ ಎಂದೇ ಹೆಸರು. ಸರ್ವೋಚ್ಚ ನ್ಯಾಯಾಲಯ ಅದನ್ನು ದೇಶದಲ್ಲೆಲ್ಲ ತಡೆದದ್ದು 2011ರಲ್ಲಿ. ‘ನಮ್ಮ ಉದ್ದೇಶ ಕೆಟ್ಟದಾಗಿರಲಿಲ್ಲ’ ಎಂಬ ಸಮಾಧಾನವನ್ನು ಹಾಸಿಗೆ ಹಿಡಿದ ಮಕ್ಕಳ ತಾಯಂದಿರು ಒಪ್ಪಲಿಲ್ಲ, ನಾವೂ ಒಪ್ಪಲಿಲ್ಲ. ಮೇಲಿರುವವನು ಗಾಳಿಯನ್ನು ನಿರ್ಧರಿಸುತ್ತಾನೆ, ಕೆಳಗಿರುವವನು ಅದನ್ನು ಉಸಿರಾಡಲೇಬೇಕು ಎಂದಾದರೆ, ಕೆಳಗಿನವನ ಕ್ಷೇಮವನ್ನು ಕೇಳಿ ತಿಳಿಯುವ ಹೊಣೆ ಮೇಲಿನವನದೇ ಎಂದು ವಾದಿಸಿದೆವು.

ಆ ದುರಂತವನ್ನೂ ಒಂದು ಹಕ್ಕಿಯ ಸಾವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅವಿವೇಕ ನಮ್ಮದಲ್ಲ. ಸಂಕಟದ ಪ್ರಮಾಣ ಬೇರೆ. ಆದರೆ ನ್ಯಾಯದ ಅಳತೆಗೋಲು ಒಂದೇ. ನಮಗೆ ಅನ್ಯಾಯವಾದಾಗ ಹಿಡಿದ ಕೋಲನ್ನು, ನಾವೇ ಮೇಲಿನವರಾಗಿ ನಿಂತಿರುವ ನಮ್ಮ ಚಾವಡಿಯಲ್ಲಿ ಬದಿಗಿಟ್ಟರೆ ಅಂದಿನ ವಾದಕ್ಕೆ ಬೆಲೆ ಉಳಿಯುವುದಿಲ್ಲ. ತಿಳಿಯುವ ಅವಕಾಶವಿದ್ದೂ ತಿಳಿಯದಿರುವುದು ನಿರ್ದೋಷವಲ್ಲ.

ನಾಗವರ್ಮನು ಕನ್ನಡಕ್ಕೆ ತಂದ ಕಾದಂಬರಿಯಲ್ಲಿ ಪಂಜರದ ಗಿಳಿಯೇ ರಾಜನ ಆಸ್ಥಾನದಲ್ಲಿ ತನ್ನ ಕಥೆಯನ್ನು ಹೇಳುತ್ತದೆ. ನಮ್ಮ ಮನೆಯ ಹಕ್ಕಿ ಹೇಳಲಾರದು. ನೋವನ್ನು ಆದಷ್ಟು ಅಡಗಿಸಿಡುವುದೇ ಅದರ ಸ್ವಭಾವ. ಗರಿ ಉಬ್ಬಿಸಿಕೊಂಡು ಕೂರುವುದು, ಕೊಕ್ಕು ತೆರೆದು ಉಸಿರಾಡುವುದು, ಉಸಿರಿಗೊಮ್ಮೆ ಬಾಲ ಏರಿಳಿಯುವುದು, ಪಂಜರದ ತಳಕ್ಕಿಳಿಯುವುದು — ಇಷ್ಟೇ ಅದರ ಭಾಷೆ. ಇವು ಕಂಡರೆ ಅದನ್ನು ತಡಮಾಡದೆ ಶುದ್ಧ ಗಾಳಿಗೆ ಒಯ್ದು, ಪಶುವೈದ್ಯರಿಗೆ ತೋರಿಸಬೇಕು. ಕಾಣುವವರೆಗೆ ಕಾಯದೆ, ಪಂಜರವನ್ನು ಅಡುಗೆಮನೆಯಿಂದ ದೂರವಿಟ್ಟು, ಮಳೆಯ ನಡುವೆ ಹೊಳವು ಕಂಡಾಗಲೆಲ್ಲ ಕಿಟಕಿಯೊಂದನ್ನು ತೆರೆಯುವುದು ಇನ್ನೂ ಮೇಲು. ತೆರೆದ ಆ ಕಿಟಕಿಯ ಗಾಳಿ ತೊಟ್ಟಿಲಿನ ಕೂಸಿಗೂ ದಮ್ಮಿನ ಅಜ್ಜನಿಗೂ ಒದಗುತ್ತದೆ. ಹಾಗೆ ಒದಗದಿದ್ದರೂ, ಆ ಹಕ್ಕಿಯೊಂದಕ್ಕಾಗಿಯೇ ಅದನ್ನು ತೆರೆಯತಕ್ಕದ್ದು ಎಂಬುದು ನಮ್ಮ ಅಭಿಮತ. ಏಕೆಂದರೆ ಅದು ತಾನಾಗಿ ನಮ್ಮ ಮನೆಗೆ ಬಂದುದಲ್ಲ, ನಾವು ತಂದದ್ದು.