ದೊಡ್ಡ ವಾಹನ ಮತ್ತು ಈರ್ಯಾಸಮಿತಿ

ದೊಡ್ಡ ಗಾಡಿಯಿದ್ದರೆ ಭಯವಿಲ್ಲವೆಂಬ ಮಾತು ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. 1994ರಲ್ಲಿ ಟಾಟಾ ಸುಮೊ, 2000ದಲ್ಲಿ ಬೊಲೆರೊ ಮತ್ತು ಕ್ವಾಲಿಸ್, 2002ರಲ್ಲಿ ಸ್ಕಾರ್ಪಿಯೊ, 2005ರಲ್ಲಿ ಇನ್ನೋವಾ ಬಂದವು. ತೋಟದ ದಾರಿಗೂ, ಮನೆಮಂದಿಯೆಲ್ಲ ಶ್ರವಣಬೆಳಗೊಳಕ್ಕೋ ಧರ್ಮಸ್ಥಳಕ್ಕೋ ಹೋಗಿಬರುವುದಕ್ಕೂ ಇಂತಹ ವಾಹನಗಳು ಒದಗಿದುದು ನಿಜ. ಆದರೆ ಕೆಡದೆ ಓಡುವುದು ಒಂದು ಗುಣ. ಅಪಘಾತದಲ್ಲಿ ಪ್ರಾಣವನ್ನುಳಿಸುವುದು ಬೇರೊಂದು ಗುಣ. ‘ಗಟ್ಟಿ’ ಎಂಬ ಒಂದೇ ಮಾತಿನಲ್ಲಿ ಎರಡನ್ನೂ ಅಡಗಿಸಿಬಿಡುತ್ತೇವೆ. ಯಾರ ಪ್ರಾಣವೆಂಬ ಮೂರನೆಯ ಪ್ರಶ್ನೆಯನ್ನಂತೂ ಕೇಳುವುದೇ ಇಲ್ಲ.

ಕೊಬ್ಬರಿ ವ್ಯಾಪಾರ ಬಲ್ಲವರಿಗೆ ಮೊದಲಿನ ವಿಚಾರ ಕಠಿಣವಲ್ಲ. ಉಂಡೆ ಕೊಬ್ಬರಿಯ ಗಾತ್ರ ನೋಡಿ ಒಳಗಿನ ಗುಣವನ್ನು ನಿಶ್ಚಯಿಸಲಾಗದು. ಒಂದನ್ನು ಒಡೆದು ನೋಡಿದರೆ ಮಾತ್ರ ಬೂಷ್ಟು ತಿಳಿಯುತ್ತದೆ. ವಾಹನವನ್ನು ತಡೆಗೋಡೆಗೆ ಅಪ್ಪಳಿಸಿ ನೋಡುವ ಪರೀಕ್ಷೆಯೂ ಅಂಥದೇ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು 2016ರಲ್ಲಿ ಏರ್‌ಬ್ಯಾಗ್ ಇಲ್ಲದ ಸ್ಕಾರ್ಪಿಯೊವನ್ನು ಪರೀಕ್ಷಿಸಿದಾಗ ವಯಸ್ಕರ ರಕ್ಷಣೆಗೆ ಒಂದು ನಕ್ಷತ್ರವೂ ಸಿಗಲಿಲ್ಲ. ಅದಕ್ಕಿಂತ ಚಿಕ್ಕದಾದ ನೆಕ್ಸಾನ್ 2018ರಲ್ಲಿ ಐದು ನಕ್ಷತ್ರ ಪಡೆಯಿತು. 2022ರಲ್ಲಿ ಹೊಸ ವಿನ್ಯಾಸದ ಸ್ಕಾರ್ಪಿಯೊ-ಎನ್ ಸಹ ಐದನ್ನು ಗಳಿಸಿತು. 2024ರಲ್ಲಿ ಬೊಲೆರೊ ನಿಯೋಗೆ ದೊರೆತದ್ದು ಒಂದೇ. ಆದ್ದರಿಂದ ರಕ್ಷಣೆಯನ್ನು ನಿರ್ಣಯಿಸುವುದು ಗಾತ್ರವಲ್ಲ, ರಚನೆ. ಮೂತಿಯ ಭಾಗ ತಾನು ನಜ್ಜುಗುಜ್ಜಾಗಿ ಪೆಟ್ಟನ್ನು ನುಂಗಬೇಕು, ಜನ ಕುಳಿತ ಭಾಗ ಕುಗ್ಗದೆ ನಿಲ್ಲಬೇಕು. ತಗಡು ದಪ್ಪವೆಂದು ಬೆರಳಿನಿಂದ ಬಡಿದು ನೋಡಿದರೆ ಇದು ತಿಳಿಯದು. 2023ರ ಅಕ್ಟೋಬರಿನಿಂದ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯೂ ಇದೆ. ಕೊಳ್ಳುವವರು ಅದರ ಫಲಿತಾಂಶವನ್ನು ಕೇಳುವುದು ಉಚಿತ.

ಇನ್ನು ಮೂರನೆಯ ಪ್ರಶ್ನೆ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಮಡಿದರು. ಅವರಲ್ಲಿ ಶೇಕಡಾ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು, ಶೇಕಡಾ 19ಕ್ಕೂ ಹೆಚ್ಚು ಮಂದಿ ಪಾದಚಾರಿಗಳು. ಎಂದರೆ, ಮಡಿದವರಲ್ಲಿ ಬಹುಪಾಲು ಜನರಿಗೆ ಸುತ್ತಲೂ ಯಾವ ಕವಚವೂ ಇರಲಿಲ್ಲ. ನಮ್ಮ ವಾಹನದ ಭಾರ ನಮ್ಮನ್ನು ಕಾಯುವಾಗ ಆ ಪೆಟ್ಟು ಎದುರಿನವರ ಪಾಲಾಗುತ್ತದೆ. ಮುಂಭಾಗಕ್ಕೆ ಕಬ್ಬಿಣದ ಕಂಬಿ ಕಟ್ಟಿಸುವುದನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿದ್ದಕ್ಕೆ ಇದೂ ಒಂದು ಕಾರಣ.

ಗೃಹಸ್ಥನಿಗೆ ಆರಂಭೀ ಹಿಂಸೆ ಅನಿವಾರ್ಯ, ಅಪಘಾತವು ಸಂಕಲ್ಪೀ ಹಿಂಸೆಯಲ್ಲ, ಆದುದರಿಂದ ದೋಷವಿಲ್ಲ ಎಂದು ಕೆಲವರು ವಾದಿಸಬಹುದು. ಈ ವಾದ ಅರ್ಧ ಸತ್ಯ. ಉಮಾಸ್ವಾತಿ ಆಚಾರ್ಯರು ಹಿಂಸೆಯ ಲಕ್ಷಣದಲ್ಲಿಯೇ ಪ್ರಮಾದವನ್ನು ಸೇರಿಸಿದ್ದಾರೆ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೂ ಸ್ಪಷ್ಟಪಡಿಸುತ್ತಾರೆ: ಎಚ್ಚರದಿಂದ ನಡೆವವನಿಂದ ಜೀವಹಾನಿಯಾದರೂ ಅದು ಹಿಂಸೆಯಲ್ಲ, ಎಚ್ಚರಗೆಟ್ಟವನಿಗೆ ಜೀವಿ ಸಾಯಲಿ, ಸಾಯದಿರಲಿ, ಹಿಂಸೆ ತಪ್ಪದು. ಆದ್ದರಿಂದ ಅಪಘಾತವಾಗದೆ ಊರು ಸೇರಿದೆವೆಂಬ ಮಾತ್ರಕ್ಕೆ ಬೇಜವಾಬ್ದಾರಿಯ ಪ್ರಯಾಣ ನಿರ್ದೋಷಿಯಾಗದು.

ವಿಹಾರದಲ್ಲಿರುವ ಮುನಿಗಳು ಹಗಲಿನ ಬೆಳಕಿನಲ್ಲಿ ನಾಲ್ಕು ಕೈಯಳತೆ ನೆಲವನ್ನು ನೋಡುತ್ತ ಹೆಜ್ಜೆಯಿಡುತ್ತಾರೆ. ಗಂಟೆಗೆ 80 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿನಲ್ಲಿ 22 ಮೀಟರ್ ಕ್ರಮಿಸುತ್ತದೆ. ಅದರ ಘಾತಶಕ್ತಿ 40ರ ವೇಗಕ್ಕಿಂತ ನಾಲ್ಕು ಪಟ್ಟು. ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಲು ಸಾಧ್ಯವಾಗುವಷ್ಟೇ ವೇಗ, ಇದೇ ಶ್ರಾವಕನ ಈರ್ಯಾಸಮಿತಿ. ವಿಹಾರನಿರತ ಸಾಧು-ಸಾಧ್ವಿಯರೇ ವಾಹನಗಳಿಗೆ ಸಿಲುಕಿ ದೇಹತ್ಯಾಗವಾದ ಘಟನೆಗಳು ದೇಶದಲ್ಲಿ ನಡೆದಿವೆ. ಗುರುದರ್ಶನಕ್ಕೆಂದು ಧಾವಿಸುವ ನಮ್ಮ ವಾಹನವೇ ಅಂಥದಕ್ಕೆ ಕಾರಣವಾದರೆ ಆ ದರ್ಶನದ ಫಲವೇನು?

ಬಸದಿಯ ಟ್ರಸ್ಟುಗಳು ಯಾತ್ರೆಯನ್ನು ಏರ್ಪಡಿಸುವಾಗ ಬಾಡಿಗೆಯ ದರದೊಂದಿಗೆ ಕೆಲವು ಸಂಗತಿಗಳನ್ನೂ ವಿಚಾರಿಸಲಿ. ಆಸನಕ್ಕಿಂತ ಹೆಚ್ಚು ಜನ ಬೇಡ. ಹಿಂದೆ ಕುಳಿತವರಿಗೂ ಬೆಲ್ಟ್ ಇರಲಿ, ಅದನ್ನು ಕಟ್ಟಿಸಲಿ. ಚಾರ್ಮಾಡಿಯಂತಹ ಘಟ್ಟದ ತಿರುವುಗಳಲ್ಲಿ ಮೇಲ್ಛಾವಣಿಯ ಹೊರೆ ವಾಹನವನ್ನು ಮಗುಚಬಲ್ಲದು. ಹಿಂಭಾಗದಲ್ಲಿ ಕಟ್ಟದೆ ಇಟ್ಟ ಕೊಬ್ಬರಿ ಚೀಲ ಬ್ರೇಕ್ ಹಾಕಿದೊಡನೆ ಮುಂದಿನವರ ಬೆನ್ನಿಗೆ ಬೀಳುತ್ತದೆ. ಚಾಲಕನಿಗೆ ನಿದ್ರೆಯ ಸಮಯವಿರಲಿ, ರಾತ್ರಿಯ ಪ್ರಯಾಣ ಸಾಧ್ಯವಾದಷ್ಟು ತಪ್ಪಲಿ. ದೊಡ್ಡ ವಾಹನವನ್ನು ಕೊಳ್ಳುವುದು ಸಂಪತ್ತಿಗೆ ಸಾಧ್ಯ. ಅದರ ಮುಂದೆ ನಡೆಯುವ ಬಡ ಜೀವಕ್ಕೆ ಅಭಯ ಕೊಡುವುದು ಚಾಲಕನ ಎಚ್ಚರಕ್ಕೆ ಮಾತ್ರ ಸಾಧ್ಯ. ಅಭಯದಾನವೂ ದಾನವೆಂಬುದನ್ನು ನಾವು ಮರೆಯದಿರೋಣ.